ಝಂಪೆ ತಾಳದಲ್ಲಿ ನಪಾಸಾದ ಅಜ್ಜಿ

ನಮ್ಮ ಮನೆಯ ಅಟ್ಟದ ಮೇಲೆ ಹಳೆ ಸೀರೆ ಸುತ್ತಿದ ವೀಣೆಯೊಂದು ನಲವತ್ತು ವರ್ಷ ಮಲಗಿತ್ತು. ಅದನ್ನು ಕಂಡುಹಿಡಿದವಳು ಮೊಮ್ಮಗಳು. "ಅಜ್ಜಿ, ಇದು ಯಾರದು?" ಎಂದಳು. ನನ್ನದೇ ಅಂದರೆ ನಂಬಲಿಲ್ಲ. "ಮತ್ತೆ ಯಾಕೆ ನುಡಿಸಲ್ಲ ನೀವು?"

ಜೂನಿಯರ್ ಪರೀಕ್ಷೆಯಲ್ಲಿ ನಪಾಸಾಗಿದ್ದೆ, ಅದಕ್ಕೇ.

ಕರ್ನಾಟಕ ಸಂಗೀತಕ್ಕೆ ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆಗಳಿರುವುದು ನಿಮಗೂ ಗೊತ್ತಿರಬಹುದು. ಹಾಡುಗಾರಿಕೆ, ವೀಣೆ, ಪಿಟೀಲು, ಕೊಳಲು, ಮೃದಂಗ, ಯಾವುದಕ್ಕಾದರೂ ಕೂರಬಹುದು. ಶಾಸ್ತ್ರವನ್ನು ಬರೆಯಬೇಕು, ವಾದ್ಯವನ್ನು ಪರೀಕ್ಷಕರ ಎದುರು ನುಡಿಸಬೇಕು. ಈಗ ಪಿಯಾನೊ, ಕೀಬೋರ್ಡ್ ಕಲಿಯುವ ಮಕ್ಕಳು ಕಟ್ಟುವ ಎಂಟು ಗ್ರೇಡುಗಳ ಇಂಗ್ಲೆಂಡಿನ ಪರೀಕ್ಷೆಯೂ ಹೊಸದಲ್ಲ; ಅದನ್ನು ನಡೆಸುವ ಮಂಡಳಿ ಶುರುವಾದದ್ದು 1889ರಲ್ಲಿ.

ನನಗಾಗ ಹದಿಮೂರು. ಸರಳೆ ವರಸೆ, ಜಂಟಿ ವರಸೆ ನೀರು ಕುಡಿದಷ್ಟು ಸಲೀಸು. ಗೀತೆಗಳೆಂದರೆ ಪ್ರಾಣ. ಏಳು ತಾಳದ ಅಲಂಕಾರಗಳಲ್ಲಿ ಮಾತ್ರ ಝಂಪೆ ಕಂಡರೆ ಆಗುತ್ತಿರಲಿಲ್ಲ. ಮೇಷ್ಟ್ರು ಕೇಳಿದಾಗಲೆಲ್ಲ ಬೆರಳು ನೋವು ಅಂತ ಜಾರಿಕೊಳ್ಳುತ್ತಿದ್ದೆ. ಏಳರಲ್ಲಿ ಒಂದು ತಾನೆ, ಅದನ್ನೇ ಯಾರು ಕೇಳುತ್ತಾರೆ?

ಅದನ್ನೇ ಕೇಳಿದರು! ಅದೂ ಮೂರನೇ ಕಾಲದಲ್ಲಿ. ಎಡಗೈ ಒಂದು ಕಡೆ, ತಾಳದ ತಂತಿ ಮೀಟುವ ಕಿರುಬೆರಳು ಇನ್ನೊಂದು ಕಡೆ. ಗಾಬರಿಯಲ್ಲಿ ಬರುತ್ತಿದ್ದ ಗೀತೆಯೂ ಮರೆತುಹೋಯಿತು. ಫಲಿತಾಂಶ ಬಂದ ದಿನ ಅಪ್ಪ ಬೈಯಲಿಲ್ಲ. "ಸಾಕು ಬಿಡು, ಓದಿನ ಕಡೆ ನೋಡು" ಅಂದರು, ಅಷ್ಟೆ. ಬೈದಿದ್ದರೆ ಹಟ ಹಿಡಿದು ಮತ್ತೆ ಕೂರುತ್ತಿದ್ದೆನೋ ಏನೋ.

ಈಗ ಅದೇ ವೀಣೆಗೆ ಹೊಸ ತಂತಿ ಬಂದಿದೆ, ಮೇಣ ಒಣಗಿ ಸಡಿಲವಾಗಿದ್ದ ಇಪ್ಪತ್ನಾಲ್ಕು ಮೆಟ್ಟುಗಳಿಗೆ ಹೊಸದಾಗಿ ಮೇಳ ಕಟ್ಟಿಸಿದ್ದೂ ಆಗಿದೆ. ಮೊಮ್ಮಗಳು ಪಾಠಕ್ಕೆ ಹೋಗಿ ಎರಡು ವರ್ಷ. ಈ ಸಲ ಜೂನಿಯರ್ ಕಟ್ಟಿಸೋಣ ಎಂದು ನನ್ನ ಮಗಳು ಹೊರಟಾಗ ನಾನು ಬೇಡವೆಂದೆ. ಶೇಷಣ್ಣನವರು ಯಾವ ಜೂನಿಯರ್ ಪಾಸು ಮಾಡಿದ್ದರು? ದೊರೆಸ್ವಾಮಿ ಅಯ್ಯಂಗಾರ್ಯರು ಮನೆಯಲ್ಲಿ ತಂದೆಯಿಂದಲೇ ಕಲಿಯಲಿಲ್ಲವೇ?

"ಅಮ್ಮಾ, ಅವರ ಮನೆಯಲ್ಲಿ ದಿನಾ ಪರೀಕ್ಷೆಯೇ ಇತ್ತಲ್ಲ," ಎಂದಳು ಮಗಳು.

ಮಾತು ಸರಿ. ವೀಣೆ ಬಲ್ಲ ತಂದೆ ಪಕ್ಕದಲ್ಲೇ ಕೂತಿದ್ದರೆ ಒಂದು ಸ್ವರ ಜಾರಿದರೂ ಅಲ್ಲೇ ತಡೆಯುತ್ತಾರೆ. ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನದ ಪಾಠ, ಉಳಿದ ದಿನ ಹೋಂವರ್ಕು, ಟೀವಿ. ಅರ್ಜಿ ತುಂಬಿದ ಮೇಲೆ ಹುಡುಗಿ ಕರೆಯದೆಯೇ ವೀಣೆ ಮುಂದೆ ಕೂರುತ್ತಿದ್ದಾಳೆ ಎನ್ನುವುದನ್ನು ನಾನೂ ಒಪ್ಪಬೇಕು. ಬೇಡವಾದ ಪಾಠವನ್ನೂ ಬಿಡದಂತೆ ಹಿಡಿದು ಕೂರಿಸುವುದು ಪರೀಕ್ಷೆಯ ದೊಡ್ಡ ಉಪಕಾರ.

ಹಾಗಂತ ನನ್ನ ಭಯ ಪೂರ್ತಿ ಹೋಗಿಲ್ಲ. ಪಟ್ಟಿಯಲ್ಲಿರುವಷ್ಟನ್ನೇ ಉರು ಹೊಡೆದು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಗೌರಿ ಹಬ್ಬಕ್ಕೆ ಒಂದು ದೇವರನಾಮ ನುಡಿಸಮ್ಮ ಅಂದರೆ ಮಿಕಿಮಿಕಿ ನೋಡುವ ಮಕ್ಕಳನ್ನು ಕಂಡಿದ್ದೇನೆ. ಆದ್ದರಿಂದ ಮಗಳ ಹತ್ತಿರ ಎರಡು ಕರಾರು ಮಾಡಿಕೊಂಡೆ. ವಾರಕ್ಕೊಂದು ದಿನ ಪರೀಕ್ಷೆಗಿಲ್ಲದ, ಅವಳಿಗಿಷ್ಟವಾದ ಹಾಡು. ಇನ್ನೊಂದು, ನಪಾಸಾದರೂ ವೀಣೆ ಅಟ್ಟ ಹತ್ತುವಂತಿಲ್ಲ. ಎರಡನೆಯದನ್ನು ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು. ಮಗಳು ಮರುಮಾತಾಡದೆ ತಲೆಯಾಡಿಸಿದಳು.

ನಿನ್ನೆ ಸಂಜೆ ಝಂಪೆ ತಾಳದ ಸರದಿ. ಏಳೆಣಿಕೆಯ ಲಘು, ಒಂದೆಣಿಕೆಯ ಅನುದ್ರುತ, ಎರಡೆಣಿಕೆಯ ದ್ರುತ, ಒಟ್ಟು ಹತ್ತು. ಅವಳು ನುಡಿಸುತ್ತಿದ್ದಳು, ನಾನು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಎರಡನೇ ಕಾಲ ದಾಟಿ ಮೂರನೆಯದಕ್ಕೆ ಬಂದೆವು. ಇದ್ದಕ್ಕಿದ್ದಂತೆ ವೀಣೆ ನಿಂತಿತು.

"ಅಜ್ಜೀ, ಅನುದ್ರುತ ನುಂಗಿಬಿಟ್ರಿ!"

ಹೌದು, ಅವತ್ತಿನ ಜಾಗದಲ್ಲೇ. ಇಬ್ಬರೂ ನಕ್ಕು, ಒಂದನೇ ಕಾಲದಿಂದ ಮತ್ತೆ ಶುರು ಮಾಡಿದೆವು.