ಕಾಲು ತೆಗೆದರೆ ಬಂದ್

ಕೀ ತಿರುವಿದರೆ ಸ್ಟಾರ್ಟ್ ಆಗುತ್ತದೆ. ಎಕ್ಸಿಲರೇಟರ್ ಒತ್ತಿದರೆ ಹುರುಪಿನಿಂದ ಓಡುತ್ತದೆ. ಕಾಲು ತೆಗೆದರೆ ಸಾಕು, ಎರಡು ಸಲ ಮೈ ಕೊಡವಿ ಬಂದ್. ಅಪ್ಪ ಕೊಂಡಿದ್ದ ನಮ್ಮ ಮಾರುತಿ 800 ಹೀಗೆ ಹಟ ಹಿಡಿದದ್ದು ಕೊಪ್ಪಳದಿಂದ ಮುಂಡರಗಿಗೆ ಹೊರಟಾಗ, ಅಳವಂಡಿಯಲ್ಲಿ. ಗಾಡಿ 1997ರ ಮಾಡೆಲ್ಲು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷದ್ದು. ಅಳವಂಡಿ ಹೈದರಾಬಾದ್ ವಿಮೋಚನಾ ಹೋರಾಟದ ಶಿವಮೂರ್ತಿಸ್ವಾಮಿಗಳ ಊರು. ಆ ಚರಿತ್ರೆ ನೆನೆಯುವಷ್ಟು ವ್ಯವಧಾನ ನನಗಿರಲಿಲ್ಲ. ಬಿಸಿಲು ನೆತ್ತಿಗೇರಿತ್ತು, ಮೆಕ್ಯಾನಿಕ್ ಬೇಕಿತ್ತು.

ಬೇವಿನ ಮರದ ಕೆಳಗೊಂದು ತಗಡಿನ ಶೆಡ್ಡು. ಅಲ್ಲಿ ಟ್ರ್ಯಾಕ್ಟರ್, ಟಂಟಂ ರಿಪೇರಿಯೇ ಹೆಚ್ಚು. ಐವತ್ತು ದಾಟಿದ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದರು. ಬಾನೆಟ್ ಎತ್ತುವ ಮೊದಲೇ ಪ್ರಶ್ನೆ ಬಂತು.

“ಚೋಕ್ ಎಳದಿಟ್ರ ಚಾಲೂ ಇರತೈತೇನ್ರಿ ಸರ?”

ಇರುತ್ತದೆ ಎಂದೆ.

“ಹಂಗಾರ ಪೆಟ್ರೋಲ್ ಕಮ್ಮಿ ಬೀಳಾಕತ್ತೈತಿ, ಇಲ್ಲಾ ಗಾಳಿ ಹೆಚ್ಚಿಗಿ ಎಳಿಯಾಕತ್ತೈತಿ. ಎರಡರಾಗ ಒಂದು.”

ನಮ್ಮೂರಿನ ಗ್ಯಾರೇಜೊಂದರಲ್ಲಿ ಹಿಂದಿನ ವಾರವಷ್ಟೇ ಅರ್ಧ ದಿನ ಟ್ಯೂನಿಂಗ್ ಆಗಿತ್ತು. ಅಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಐಡ್ಲಿಂಗ್ ಸ್ಕ್ರೂ ಬಿಗಿದು ಎಂಜಿನ್ನನ್ನು ಬೊಬ್ಬಿರಿಯುವಂತೆ ಮಾಡಿ ಕಳಿಸಿದ್ದರು. ಜ್ವರಕ್ಕೆ ಕಂಬಳಿ ಹೊದಿಸಿದಂಥ ಚಿಕಿತ್ಸೆ. ಒಂದು ವಾರ ತಳ್ಳಿತು.

ಮಿಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ಕಾರ್ಬೊರೇಟರ್ ಪಕ್ಕ ಕಿವಿಯಿಟ್ಟು, “ಕೀ ಹಾಕ್ರಿ, ಸ್ಟಾರ್ಟ್ ಮಾಡಬ್ಯಾಡ್ರಿ” ಎಂದರು. ಹಾಕಿದೆ. “ತಗೀರಿ.” ತೆಗೆದೆ. “ಮತ್ತ ಹಾಕ್ರಿ.” ನಾಲ್ಕು ಸಲ ಹೀಗೆ ಆಯಿತು. ಆಮೇಲೆ ತಲೆ ಎತ್ತಿ, “ಟಕ್ ಅನ್ನವಲ್ದು” ಎಂದರು. ಅಷ್ಟರಲ್ಲಿ ರೋಗ ಸಿಕ್ಕಿಬಿಟ್ಟಿತ್ತು.

ಆ ಟಕ್ ಯಾವುದೆಂದು ತಿಳಿಯಲು ಐಡ್ಲಿಂಗ್ ಅಂದರೇನೆಂದು ತುಸು ನೋಡಬೇಕು. ಗಾಡಿ ಓಡುವಾಗ ಕಾರ್ಬೊರೇಟರಿನ ಇಕ್ಕಟ್ಟಾದ ಗಂಟಲಲ್ಲಿ ಗಾಳಿ ರಭಸದಿಂದ ನುಗ್ಗುತ್ತದೆ, ಮೇನ್ ಜೆಟ್‌ನಿಂದ ಪೆಟ್ರೋಲನ್ನು ತಾನೇ ಎಳೆದುಕೊಳ್ಳುತ್ತದೆ. ಕಾಲು ತೆಗೆದಾಗ ಥ್ರಾಟಲ್‌ನ ಬಿಲ್ಲೆ ಹೆಚ್ಚುಕಮ್ಮಿ ಮುಚ್ಚಿ, ಆ ರಭಸ ಅಡಗುತ್ತದೆ, ಮೇನ್ ಜೆಟ್ ಸುಮ್ಮನಾಗುತ್ತದೆ. ಆಗ ಎಂಜಿನ್ ಬದುಕುವುದು ಬಿಲ್ಲೆಯ ಕೆಳಗಿನ ಸಣ್ಣ ತೂತಿನಿಂದ. ಅದಕ್ಕೆ ಪೆಟ್ರೋಲ್ ಒದಗಿಸುವುದು ಸೂಜಿಮೊನೆಯಷ್ಟು ಕಿಂಡಿಯ ಸ್ಲೋ ಜೆಟ್. ಎರೆಹೊಲದ ಧೂಳು ಏಳುವ ಈ ಸೀಮೆಯಲ್ಲಿ ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೆ ಆ ಕಿಂಡಿಗೆ ಕಚರಾ ತುಂಬಲು ಹೆಚ್ಚು ದಿನ ಬೇಡ.

ಕಾರ್ಬೊರೇಟರಿನ ಹಳೆಯ ಕಥೆಯೊಂದಿದೆ. ಬುಡಾಪೆಸ್ಟಿನ ಬಾಂಕಿ ಮತ್ತು ಚೊಂಕಾ ಎಂಬ ಎಂಜಿನಿಯರುಗಳು 1893ರಲ್ಲಿ ಇದಕ್ಕೆ ಪೇಟೆಂಟ್ ಕೇಳಿದರು. ಹೂ ಮಾರುವ ಹುಡುಗಿಯೊಬ್ಬಳು ಕೊಳವೆ ಊದಿ ಹೂವಿಗೆ ನೀರು ಸಿಂಪಡಿಸುತ್ತಿದ್ದುದನ್ನು ಕಂಡು ಅವರಿಗೆ ಇದು ಹೊಳೆಯಿತಂತೆ. ನನಗೆ ಪೂರ್ತಿ ನಂಬಿಕೆಯಿಲ್ಲ. ದೊಡ್ಡ ಶೋಧಗಳ ಹಿಂದೆ ಒಂದು ಸೇಬೋ ಹೂವೋ ಇರಲೇಬೇಕೆಂದು ಜನ ಬಯಸುತ್ತಾರೆ. ನಮ್ಮಲ್ಲಿ 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಕೊಟ್ಟಾಗ, ಅದರ 796 ಸಿ.ಸಿ. ಎಂಜಿನ್ನಿಗೂ ಕಾರ್ಬೊರೇಟರೇ ಇತ್ತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಗಿ, ಕಾರ್ಬೊರೇಟರಿನ ಬದಲು ಎಂಪಿಎಫ್‌ಐ ಎಂಬ ಇಂಜೆಕ್ಷನ್ ವ್ಯವಸ್ಥೆ ಬಂತು. 2014ರ ಜನವರಿಯಲ್ಲಿ ಕಾರೇ ನಿಂತಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ರಸ್ತೆಗಿಳಿದಿದ್ದವು.

ಈಗ ಟಕ್‌ಗೆ ಬರೋಣ. ಸ್ಲೋ ಜೆಟ್‌ನ ದಾರಿಗೆ ಕಾವಲಾಗಿ ಬೆರಳುಗಾತ್ರದ ಸೊಲೆನಾಯ್ಡ್ ವಾಲ್ವ್ ಇದೆ. ಕೀ ಹಾಕಿದೊಡನೆ ಕರೆಂಟ್ ಹರಿದು ಅದರ ಸೂಜಿ ಹಿಂದಕ್ಕೆ ಸರಿಯುತ್ತದೆ, ಟಕ್ ಎನ್ನುತ್ತದೆ, ದಾರಿ ತೆರೆಯುತ್ತದೆ. ಕೀ ತೆಗೆದರೆ ಮುಚ್ಚುತ್ತದೆ. ಈ ಕಾವಲು ಯಾಕೆಂದರೆ, ಕಾದ ಎಂಜಿನ್ನಿನೊಳಗೆ ಕೆಂಪಗಾದ ಮಸಿಯೇ ಕಿಡಿಯ ಕೆಲಸ ಮಾಡಬಲ್ಲದು; ಪೆಟ್ರೋಲ್ ಬರುತ್ತಿದ್ದರೆ ಕೀ ತೆಗೆದ ಮೇಲೂ ಎಂಜಿನ್ ಜಗ್ಗಾಡುತ್ತಲೇ ಇರುತ್ತದೆ.

ವಾಲ್ವ್ ಕೆಟ್ಟಾಗ ಹೊಸದು ಹಾಕುವ ಬದಲು ಕೆಲವರು ಅದರ ಸೂಜಿಯನ್ನೇ ಕತ್ತರಿಸಿ ಮತ್ತೆ ಕೂರಿಸುತ್ತಾರೆ! ಕಾವಲುಗಾರ ನಿದ್ದೆ ಮಾಡಿದನೆಂದು ಬಾಗಿಲನ್ನೇ ಕಿತ್ತಂತೆ. ಐಡ್ಲಿಂಗ್ ಸರಿಹೋಗುತ್ತದೆ ನಿಜ. ಮಿಸ್ತ್ರಿ ಗ್ರೀಸ್ ಡಬ್ಬಿಯೊಂದನ್ನು ಬೋರಲು ಹಾಕಿದರು. ಬೇರೆಬೇರೆ ಕಾರುಗಳಿಂದ ಬಿಚ್ಚಿದ ಏಳೆಂಟು ವಾಲ್ವುಗಳು, ಎಲ್ಲವೂ ಮೂಗು ಕೊಯ್ದವು. ಒಂದರ ಸೂಜಿಯನ್ನು ಬುಡದಲ್ಲೇ ಕಡಿದಿದ್ದರು, ಇನ್ನೊಂದನ್ನು ಅರ್ಧಕ್ಕೆ. ಒಂದಕ್ಕಂತೂ ಆಕ್ಸಾ ಬ್ಲೇಡಿನ ಮೂರು ಗಾಯ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತ ನಾನು ಮುಂಡರಗಿಯನ್ನೇ ಮರೆತೆ. ಈ ಉಪಾಯವನ್ನು ಜಾಣತನವೆನ್ನುವವರಿದ್ದಾರೆ, ನಾನು ಆ ಪೈಕಿಯಲ್ಲ. “ಹೊಸಾದು ಸಿಗದ ಊರಾಗ ಏನ್ ಮಾಡ್ಬೇಕ್ರಿ ಮತ್ತ?” ಎಂದು ಅವರು ಕೇಳಿದ್ದಕ್ಕೆ ಉತ್ತರವೂ ನನ್ನಲ್ಲಿರಲಿಲ್ಲ.

ನಮ್ಮ ವಾಲ್ವ್‌ನ ಸೂಜಿ ಮಾತ್ರ ನೆಟ್ಟಗಿತ್ತು. ಅದರ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಬೆಳಕಿಲ್ಲ. ಪ್ಲಗ್ಗಿನಿಂದ ನಾಲ್ಕು ಬೆರಳು ಹಿಂದೆ, ಮೇಲಿನ ರಬ್ಬರ್ ಸರಿಯಿದ್ದು ಒಳಗಿನ ತಾಮ್ರದ ಎಳೆ ತುಂಡಾಗಿತ್ತು. ಸುಲಿದರು, ಹೆಣೆದರು, ಟೇಪು ಸುತ್ತಿದರು. ಕೀ ಹಾಕಿದೆ. ಟಕ್! ಗ್ಯಾರೇಜಿನವರು ಬಿಗಿದಿದ್ದ ಸ್ಕ್ರೂವನ್ನು ಮಿಸ್ತ್ರಿ ಕಿವಿಯ ಲೆಕ್ಕದಲ್ಲೇ ಹಿಂದಕ್ಕೆ ತಿರುಗಿಸಿದರು.

ಟಕ್ ಕೇಳಿಸಿದ್ದರೆ? ಆಗ ಸ್ಲೋ ಜೆಟ್ ಬಿಚ್ಚಿ ಊದಬೇಕು, ಆಮೇಲೆ ಗಾಳಿಯ ಕಳ್ಳದಾರಿ ಹುಡುಕಬೇಕು ಎಂದರು. ಬಿರಿದ ವ್ಯಾಕ್ಯೂಮ್ ಪೈಪು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟು, ಬ್ರೇಕ್ ಬೂಸ್ಟರಿನ ಪೈಪು. ಎಂಜಿನ್ ಓಡುವಾಗ ಸಾಬೂನು ನೀರು ಬಿಟ್ಟ ಜಾಗದಲ್ಲಿ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಕೆಲವರು ಪೆಟ್ರೋಲನ್ನೇ ಸಿಂಪಡಿಸಿ ನೋಡುತ್ತಾರೆ; ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಯ ಜೊತೆ ಸರಸ. ಎಂಪಿಎಫ್‌ಐ ಕಾರಾದರೆ ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಮಸಿ, ಐಡ್ಲಿಂಗ್ ಗಾಳಿಯ ವಾಲ್ವ್ ನೋಡಬೇಕು. ಅಲ್ಲಿ ಕಂಪ್ಯೂಟರೇ ಎಷ್ಟೋ ತಪ್ಪನ್ನು ಸರಿದೂಗಿಸುತ್ತದೆ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲನ್ನು ಎಲ್ಲ ರೋಗಕ್ಕೂ ಹೊಣೆ ಮಾಡುವುದು ರೂಢಿಯಾಗಿದೆ. ಎಥನಾಲಿನಲ್ಲೇ ಆಮ್ಲಜನಕವಿರುವುದರಿಂದ ಕಾರ್ಬೊರೇಟರಿನ ಮಿಶ್ರಣ ತುಸು ತೆಳುವಾಗುವುದು ನಿಜ, ಆದರೆ ತುಂಡಾದ ವೈರಿಗೂ ಅದಕ್ಕೂ ಸಂಬಂಧವಿಲ್ಲ.

ಅಳವಂಡಿ ದಾಟಿ ಸ್ವಲ್ಪ ದೂರ ಹೋಗಿದ್ದೆ, ಕುರಿಹಿಂಡು ರಸ್ತೆ ತುಂಬಿಕೊಂಡಿತು. ಕಾಲು ತೆಗೆದೆ. ಮೂರು ಸಿಲಿಂಡರಿನ ಎಂಜಿನ್ ಸಣ್ಣಗೆ ಗುನುಗುತ್ತ ಚಾಲೂ ಇತ್ತು. ಹಿಂಡು ಇನ್ನೂ ಅರ್ಧ ದಾಟಿರಲಿಲ್ಲ. ಹೆಗಲಿಗೆ ಕಂಬಳಿ ಹಾಕಿದ ಕುರಿಗಾಹಿ ಕಿಟಕಿಗೆ ಬಗ್ಗಿ, “ಬಂದ್ ಮಾಡ್ರಿ ಸರ, ಸುಮ್ನ ಎಣ್ಣಿ ಸುಡತೈತಿ” ಎಂದ.

ಹೂಂ ಎಂದೆ, ಬಂದ್ ಮಾಡಲಿಲ್ಲ.