ಆಕಾಶದಿಂದ ತೆಗೆದ ಚಿತ್ರದಲ್ಲಿ ಬದು ಕಾಣಬೇಕಾದರೆ



ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಆರಂಭವಾಯಿತು. ಮೊದಲ ಪ್ರಯೋಗಕ್ಕೆ ಆರಿಸಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಊರೊಳಗಿನ ಮನೆ, ಹಿತ್ತಿಲುಗಳ ಗಡಿಗೆ ಸುಣ್ಣದ ಗುರುತು ಹಾಕಿ, ಡ್ರೋನ್ ಹಾರಿಸಿ ಚಿತ್ರ ತೆಗೆಯುವುದು ಇದರ ಕ್ರಮ. ಕೆರೆ, ಕಾಲುವೆ, ಗದ್ದೆಗಳ ಚಿತ್ರವನ್ನೂ ಹೀಗೆಯೇ ತೆಗೆಸಿ, ಫೋನಿನಲ್ಲಿ ನೋಡುವಂತೆ ಅಂತರಜಾಲದ ನಕ್ಷೆಗೆ ಹಾಕಬಹುದು. ಆದರೆ ಹಾಕುವ ಕ್ರಮ ತಪ್ಪಿದರೆ ಇದ್ದ ಬದುವೇ ಕಾಣದಂತಾಗುತ್ತದೆ. ಆದ್ದರಿಂದ ಚಿತ್ರ ಹಾಕುವ ಯುವಕರೂ ಅದನ್ನು ನೋಡುವ ರೈತರೂ ಈ ವಿಷಯ ತಿಳಿದಿರುವುದು ಒಳ್ಳೆಯದು.

ಚಿತ್ರವೆಂದರೆ ಚುಕ್ಕೆಗಳ ರಾಶಿ. ಒಂದು ಚುಕ್ಕೆ ನೆಲದ ಮೇಲೆ 5 ಸೆಂಟಿಮೀಟರ್, ಅಂದರೆ ಸುಮಾರು 2 ಅಂಗುಲ ಎಂದಿಟ್ಟುಕೊಳ್ಳಿ. ಆಗ ಒಂದು ಗುಂಟೆಗೆ ಸುಮಾರು 40,000 ಚುಕ್ಕೆಗಳಾಗುತ್ತವೆ. ಒಂದು ಚದರ ಕಿಲೋಮೀಟರಿಗೆ 40 ಕೋಟಿ. ಇಷ್ಟನ್ನೂ ಒಮ್ಮೆಗೇ ಫೋನಿಗೆ ಕಳಿಸಲಾಗದು. ಅದಕ್ಕಾಗಿ ಚಿತ್ರವನ್ನು ಸಾಮಾನ್ಯವಾಗಿ 256 ಚುಕ್ಕೆ ಉದ್ದ, 256 ಚುಕ್ಕೆ ಅಗಲದ ಟೈಲ್‌ಗಳಾಗಿ ಕತ್ತರಿಸಿಡುತ್ತಾರೆ. ನೀವು ನೋಡುವ ಜಾಗದ ಟೈಲ್‌ಗಳು ಮಾತ್ರ ಫೋನಿಗೆ ಬರುತ್ತವೆ.

ಇಲ್ಲಿ ಆರಿಸಬೇಕಾದ ಸಂಗತಿಗಳು ಮೂರು.

1. ಹಂತ: ನಕ್ಷೆಯನ್ನು ಹತ್ತಿರಕ್ಕೆ ಎಳೆದಂತೆಲ್ಲ ಜೂಮ್ ಹಂತ ಏರುತ್ತದೆ. ನಮ್ಮ ಸೀಮೆಯಲ್ಲಿ 18ನೇ ಹಂತದ ಒಂದು ಚುಕ್ಕೆ ಸುಮಾರು 2 ಅಡಿ ನೆಲ. ಒಂದು ಅಡಿ ಅಗಲದ ಬದು ಅದರಲ್ಲಿ ಅಡಗಿಹೋಗುತ್ತದೆ. 21ನೇ ಹಂತದ ಚುಕ್ಕೆ ಸುಮಾರು 3 ಅಂಗುಲ, ಬದು ಕಾಣುತ್ತದೆ. ಆದರೆ ಒಂದೊಂದು ಹಂತ ಏರಿದಾಗಲೂ ಟೈಲ್‌ಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. 5 ಸೆಂಟಿಮೀಟರಿನ ಚಿತ್ರಕ್ಕೆ 22ನೇ ಹಂತವನ್ನು ಮೀರಿ ಹೋಗಬೇಡಿ. ಜಾಗ ವ್ಯರ್ಥ, ಹೊಸದೇನೂ ಕಾಣದು.

2. ನಮೂನೆ: ಫೋಟೋಗೆ ಜೆಪೆಗ್ ಸಾಕು, ಕಡತ ಹಗುರವಾಗುತ್ತದೆ. ಆದರೆ ಅದರಲ್ಲಿ ಪಾರದರ್ಶಕ ಜಾಗ ಇರಲಾರದು. ಚಿತ್ರದ ಅಂಚಿನಾಚೆ ಕಪ್ಪು ಅಥವಾ ಬಿಳಿ ಪಟ್ಟಿ ಬಿದ್ದು ಕೆಳಗಿನ ನಕ್ಷೆ ಮುಚ್ಚಿಹೋಗುತ್ತದೆ. ಅಂಚಿನ ಟೈಲ್‌ಗಳಿಗೂ, ಚಿತ್ರದ ಮೇಲೆ ಬರುವ ಸರ್ವೆ ಗೆರೆಗಳಿಗೂ ಪಿಎನ್‌ಜಿ ಒಳ್ಳೆಯದು. ಗೆರೆಗಳನ್ನು ಜೆಪೆಗ್ ಮಾಡಿದರೆ ಅವುಗಳ ಸುತ್ತ ಮಸುಕು ಕವಿಯುತ್ತದೆ.

3. ಗುಣಮಟ್ಟ: ಜೆಪೆಗ್‌ನಲ್ಲಿ ಇದಕ್ಕೆ 100ರವರೆಗೆ ಅಂಕ ಉಂಟು. 75ರಿಂದ 80 ಇಟ್ಟು ಒಂದು ಟೈಲ್ ಮಾಡಿ ನೋಡಿ. ಬದು, ಕಾಲುವೆ ಸ್ಪಷ್ಟವಾಗಿದ್ದರೆ ಅದೇ ಸಾಕು. ಇಲ್ಲವಾದರೆ ಅಂಕ ಏರಿಸಿ. ಹೀಗೆ ಕಳೆದ ವಿವರ ಮತ್ತೆ ಬಾರದು. ಬಿತ್ತನೆ ಬೀಜವನ್ನು ಬೇರೆ ಎತ್ತಿಡುವಂತೆ ಮೂಲ ಟಿಫ್ ಕಡತವನ್ನು ಬೇರೆ ಜೋಪಾನ ಮಾಡಿ.

ಒಂದು ಎಚ್ಚರಿಕೆ. ಫೋನಿಗೆ ಬರುವ ಚಿತ್ರ ನೋಡುವುದಕ್ಕೇ ಹೊರತು ಅಳೆಯುವುದಕ್ಕಲ್ಲ. ದಿಶಾಂಕ್ ಆ್ಯಪ್ ತೆರೆದು ಜಮೀನಿನಲ್ಲಿ ನಿಂತಾಗ ನೀವಿರುವ ಜಾಗದ ಗುರುತು ಕೆಲವು ಮೀಟರ್ ಆಚೀಚೆ ಆಗಬಹುದು. ಅದನ್ನೇ ನಂಬಿ ನೆರೆಯವರೊಡನೆ ವ್ಯಾಜ್ಯ ಹೂಡಬೇಡಿ, ಬದು ಒಡೆಯಬೇಡಿ. ಸಂಶಯವಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಭೂಮಾಪಕರಿಂದ ಅಳತೆ ಮಾಡಿಸಿರಿ. ಊರೊಳಗಿನ ಆಸ್ತಿಯ ಕರಡು ನಕ್ಷೆ ತೋರಿಸಿದಾಗ ದೊಡ್ಡದಾಗಿ ಮುದ್ರಿಸಿದ ಪ್ರತಿ ಕೇಳಿ, ನಿಮ್ಮ ಗೋಡೆ, ಹಿತ್ತಿಲು, ಓಣಿ ಸರಿಯಾಗಿವೆಯೇ ಎಂದು ನೋಡಿ, ತಪ್ಪಿದ್ದರೆ ಗಡುವಿನೊಳಗೆ ಬರೆದುಕೊಡಿರಿ.