ಕೋಳಿ ಮನೆಯ ಹಳೆಯ ಟ್ಯೂಬ್‌ಲೈಟು ಬದಲಾಯಿಸಿ, ವಿದ್ಯುತ್ ಉಳಿಸಿ

ಮೊಟ್ಟೆ ಕೋಳಿಗಳಿಗೆ ದಿನಕ್ಕೆ ಸುಮಾರು 16 ಗಂಟೆ ಬೆಳಕು ಬೇಕೆಂಬುದು ನಿಮಗೆ ತಿಳಿದೇ ಇದೆ. ನಮ್ಮಲ್ಲಿ ಹಗಲು 11ರಿಂದ 13 ಗಂಟೆಗಳಷ್ಟೇ ಇರುವುದರಿಂದ ಉಳಿದ ಮೂರರಿಂದ ಐದು ಗಂಟೆ ದೀಪ ಉರಿಸಬೇಕಾಗುತ್ತದೆ. ಈ ದೀಪಗಳು ಹಳೆಯ ಟ್ಯೂಬ್‌ಲೈಟುಗಳಾಗಿದ್ದರೆ ವರ್ಷವಿಡೀ ನಿಮ್ಮ ಹಣ ಪೋಲಾಗುತ್ತದೆ.

ಖರ್ಚಿನ ಲೆಕ್ಕ

ನಾಲ್ಕು ಅಡಿಯ ಹಳೆಯ ಟ್ಯೂಬಿನ ಮೇಲೆ 40 ವಾಟ್ ಎಂದಿರುತ್ತದೆ. ಆದರೆ ಪಟ್ಟಿಯೊಳಗಿನ ತಂತಿ ಸುತ್ತಿದ ಭಾರದ ಚೋಕು ಬಿಸಿಯಾಗುತ್ತಾ ಇನ್ನೂ 10ರಿಂದ 15 ವಾಟ್ ಕಬಳಿಸುತ್ತದೆ. ಹೀಗೆ ಒಂದು ದೀಪಕ್ಕೆ 50 ವಾಟಿಗೆ ಕಡಿಮೆಯಿಲ್ಲ. ಇದರ ಬದಲು 20 ವಾಟಿನ ಎಲ್‌ಇಡಿ ಟ್ಯೂಬು ಹಾಕಿದರೆ 30 ವಾಟ್ ಉಳಿತಾಯ. ಹತ್ತು ದೀಪಗಳು ದಿನಕ್ಕೆ ನಾಲ್ಕು ಗಂಟೆ ಉರಿದರೆ ದಿನಕ್ಕೆ 1.2 ಯೂನಿಟ್, ವರ್ಷಕ್ಕೆ 438 ಯೂನಿಟ್ ಉಳಿಯುತ್ತದೆ. ನಿಮ್ಮ ಬಿಲ್ಲಿನಲ್ಲಿರುವ ಯೂನಿಟ್ ದರದಿಂದ ಇದನ್ನು ಗುಣಿಸಿ, ಹೊಸ ಟ್ಯೂಬುಗಳ ಬೆಲೆಯೊಡನೆ ಹೋಲಿಸಿ ನೋಡಿರಿ.

ಕೊಳ್ಳುವಾಗ

ವಾಟ್ ಮಾತ್ರ ನೋಡಬೇಡಿ. ಬೆಳಕಿನ ಪ್ರಮಾಣವನ್ನು ತಿಳಿಸುವ ಲ್ಯೂಮೆನ್ ಸಂಖ್ಯೆಯನ್ನೂ ಓದಿರಿ. 20 ವಾಟಿಗೆ 2,000 ಲ್ಯೂಮೆನ್ ಇರುವುದು ಒಳ್ಳೆಯದು. ಧೂಳು ಮತ್ತು ನೀರಿನ ಸಿಂಪರಣೆ ಹೆಚ್ಚಿರುವ ಕಡೆ 'ಐಪಿ 65' ಎಂದು ಬರೆದಿರುವ ಮುಚ್ಚಿದ ದೀಪವನ್ನು ಆರಿಸಿರಿ. ರಸೀದಿಯನ್ನು ಜೋಪಾನವಾಗಿಡಿ.

ಅಳವಡಿಸುವ ಕ್ರಮ

ಈ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸತಕ್ಕದ್ದು.

1. ಮೇನ್ ಸ್ವಿಚ್ಚು ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಬೇಕು.

2. ಚೋಕು ಮತ್ತು ಸ್ಟಾರ್ಟರನ್ನು ಪೂರ್ತಿ ತೆಗೆಯಬೇಕು. ಚೋಕನ್ನು ಬಿಟ್ಟರೆ ಅದು ವಿದ್ಯುತ್ತನ್ನು ತಿನ್ನುತ್ತಲೇ ಇರುತ್ತದೆ.

3. ಕೆಲವು ಟ್ಯೂಬುಗಳಿಗೆ ಒಂದೇ ತುದಿಯಲ್ಲಿ ಎರಡೂ ತಂತಿ, ಇನ್ನು ಕೆಲವಕ್ಕೆ ತುದಿಗೊಂದು ತಂತಿ ಕೊಡಬೇಕು. ಟ್ಯೂಬಿನ ಮೇಲಿನ ಚಿತ್ರದಂತೆಯೇ ಜೋಡಿಸಬೇಕು.

4. ಫೇಸ್ ತಂತಿ ಸ್ವಿಚ್ಚಿನ ಮೂಲಕವೇ ಬರಬೇಕು. ಇಲ್ಲವಾದರೆ ದೀಪ ಆರಿದ್ದರೂ ಶಾಕ್ ಹೊಡೆಯಬಹುದು.

5. ತುಕ್ಕು ಹಿಡಿದ ಹೋಲ್ಡರುಗಳನ್ನು ಬದಲಾಯಿಸಿ, 'ಹಳೆಯ ಟ್ಯೂಬು ಹಾಕಬಾರದು' ಎಂದು ಪಟ್ಟಿಯ ಮೇಲೆ ಬರೆಯಬೇಕು.

ಕೆಲಸ ಹಗಲಿನಲ್ಲೇ ಮುಗಿಯಲಿ. ಬೆಳಕಿನ ಗಂಟೆ ಒಮ್ಮೆಲೇ ಕಡಿಮೆಯಾದರೆ ಮೊಟ್ಟೆ ಇಳಿಯುತ್ತದೆ. ಸಂಜೆ ದೀಪ ಹಚ್ಚಿ, ಮೇವಿನ ತೊಟ್ಟಿಗಳ ಬಳಿ ಕತ್ತಲೆ ಮೂಲೆಗಳಿವೆಯೇ ಎಂದು ಪರೀಕ್ಷಿಸಿರಿ.

ಹಳೆಯ ಟ್ಯೂಬುಗಳು

ಇವುಗಳಲ್ಲಿ ವಿಷಕಾರಿಯಾದ ಪಾದರಸವಿದೆ. ತಿಪ್ಪೆಗೆ ಎಸೆದು ಒಡೆದರೆ ಗೊಬ್ಬರದೊಡನೆ ಅದು ಹೊಲ ಸೇರುತ್ತದೆ. ಒಡೆಯದಂತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿರಿ. ಇಂಥ ಟ್ಯೂಬುಗಳ ತಯಾರಿಕೆ, ಆಮದು ಮತ್ತು ರಫ್ತನ್ನು 2027ರ ಕೊನೆಯೊಳಗೆ ನಿಲ್ಲಿಸಲು ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ತೀರ್ಮಾನಿಸಿವೆ. ಆದುದರಿಂದ ಕೆಟ್ಟ ಚೋಕಿಗೆ ಮತ್ತೆ ಹಣ ಹಾಕುವ ಮೊದಲು ದೀಪವನ್ನೇ ಬದಲಾಯಿಸುವುದು ಲಾಭದಾಯಕ.